ಲೆವಿಯಾನ್ ಬೆಲ್ ಬಿಟ್ಟುಕೊಟ್ಟ 14.5 ಮಿಲಿಯನ್ ಡಾಲರ್

ಅಮೆರಿಕದಲ್ಲಿರುವ ನಮ್ಮವರಲ್ಲಿ ಬಹಳ ಜನಕ್ಕೆ ಇಲ್ಲಿನ ಫುಟ್‌ಬಾಲ್ ಎಂದರೆ ಫೆಬ್ರವರಿಯ ಒಂದು ಭಾನುವಾರ, ಯಾರದೋ ಮನೆಯಲ್ಲಿ ಊಟ, ನಡುನಡುವೆ ಜಾಹೀರಾತು. ಇವತ್ತಿನ ಬರಹಕ್ಕೆ ಅಷ್ಟೇ ಸಾಕು, ಆಟದ ನಿಯಮ ಗೊತ್ತಿರಬೇಕಿಲ್ಲ. ಆ ಆಟದಲ್ಲಿ ರನ್ನಿಂಗ್ ಬ್ಯಾಕ್ ಎಂಬ ಒಂದು ಸ್ಥಾನವಿದೆ. ಅವರಿಗೆ ಸಂಬಳ ಹೇಗೆ ಸಿಗುತ್ತದೆ ಎಂಬುದು ಸಂಬಳದಿಂದಲೇ ಬದುಕುವ ನಮ್ಮಂಥವರು ತಿಳಿದುಕೊಳ್ಳಬೇಕಾದ ವಿಷಯ.

ರನ್ನಿಂಗ್ ಬ್ಯಾಕ್ ಕೆಲಸ ಸರಳ. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಗೋಡೆಯೊಳಗೆ ನುಗ್ಗಬೇಕು. ಸರಾಸರಿ ನಾಲ್ಕು ಗಜ ಮುಂದೆ ಹೋದರೂ ಒಳ್ಳೆಯ ಆಟವೇ. ಹೆಚ್ಚುಕಡಿಮೆ ಪ್ರತಿ ಓಟವೂ ನೂರು ಕಿಲೋ ಮೀರಿದ ಯಾರೋ ಒಬ್ಬರು, ಕೆಲವೊಮ್ಮೆ ಮೂವರು, ಮೈಮೇಲೆ ಬೀಳುವುದರೊಂದಿಗೆ ಮುಗಿಯುತ್ತದೆ. ಕ್ರಿಕೆಟ್ಟಿನ ವೇಗದ ಬೌಲರ್‌ಗೆ ಬೆನ್ನು ಹೋಗುವ ಹಾಗೆ ಇವರಿಗೆ ಮೊಣಕಾಲು ಹೋಗುತ್ತದೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ 40ರ ಹತ್ತಿರದವರೆಗೂ ಆಡಬಹುದು. ರನ್ನಿಂಗ್ ಬ್ಯಾಕ್‌ಗೆ 28 ಆದರೆ ತಂಡಗಳು ಅನುಮಾನದಿಂದ ನೋಡಲು ಶುರುಮಾಡುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಬಹಳ ಬೇಗ ಸವೆಯುವ ಆಸ್ತಿ.

ಲೆವಿಯಾನ್ ಬೆಲ್ ಅವರನ್ನು ಪಿಟ್ಸ್‌ಬರ್ಗ್ ಸ್ಟೀಲರ್ಸ್ 2013ರಲ್ಲಿ ಡ್ರಾಫ್ಟಿನ ಎರಡನೇ ಸುತ್ತಿನಲ್ಲಿ ಆರಿಸಿಕೊಂಡಿತು. 2011ರ ಕಾರ್ಮಿಕ ಒಪ್ಪಂದದ ಪ್ರಕಾರ ಹೊಸಬರ ಮೊದಲ ಕರಾರು ನಾಲ್ಕು ವರ್ಷದ್ದು. ಮೊದಲ ಮೂರು ಸೀಸನ್ ಮುಗಿಯುವವರೆಗೆ ಅದನ್ನು ಬದಲಾಯಿಸುವಂತಿಲ್ಲ. ಬೆಲ್‌ಗೆ ನಾಲ್ಕು ವರ್ಷಕ್ಕೆ ಸೇರಿ ಬಂದದ್ದು ಸುಮಾರು 4 ಮಿಲಿಯನ್ ಡಾಲರ್. ಅದೇ ಅವಧಿಯಲ್ಲಿ, 2014ರಲ್ಲಿ, ಅವರು 1,361 ಗಜ ಓಡಿದ್ದರು. ಅಂದರೆ ದೇಹ ಅತ್ಯಂತ ಗಟ್ಟಿಯಾಗಿದ್ದ ವರ್ಷಗಳು ಅಗ್ಗದ ದರದಲ್ಲಿ ಮಾರಾಟವಾಗಿ ಹೋದವು.

ಕರಾರು ಮುಗಿದ ಮೇಲಾದರೂ ಮಾರುಕಟ್ಟೆಗೆ ಹೋಗಬಹುದಲ್ಲ ಎನ್ನುತ್ತೀರಿ. ಅಲ್ಲಿ ಫ್ರಾಂಚೈಸ್ ಟ್ಯಾಗ್ ಎಂಬ ಬೇಲಿ ಇದೆ. ತಂಡವೊಂದು ಒಬ್ಬ ಆಟಗಾರನನ್ನು ಇನ್ನೊಂದು ವರ್ಷಕ್ಕೆ ತನ್ನಲ್ಲೇ ಹಿಡಿದಿಟ್ಟುಕೊಳ್ಳಬಹುದು. ಬದಲಿಗೆ ಆ ಸ್ಥಾನದ ದೊಡ್ಡ ಸಂಬಳಗಳ ಸರಾಸರಿಯನ್ನೋ, ಆತನ ಹಿಂದಿನ ವರ್ಷದ ಸಂಬಳದ 120 ಶೇಕಡವನ್ನೋ, ಯಾವುದು ಹೆಚ್ಚೋ ಅದನ್ನು ಕೊಡಬೇಕು. ಕೇಳಲು ಉದಾರವಾಗಿಯೇ ಇದೆ. 2017ರಲ್ಲಿ ಬೆಲ್‌ಗೆ ಹೀಗೆ 12.1 ಮಿಲಿಯನ್ ಸಿಕ್ಕಿತು. ಆ ವರ್ಷ ಚೆಂಡು ಹಿಡಿದು ಓಡಿದ್ದು 321 ಸಲ, ಪಾಸ್ ಹಿಡಿದದ್ದು 85 ಸಲ. ಒಟ್ಟು 406. ಇಡೀ ಲೀಗಿನಲ್ಲಿ ಆ ವರ್ಷ ಇಷ್ಟು ದುಡಿದವರು ಇನ್ನೊಬ್ಬರಿಲ್ಲ.

2018ರಲ್ಲಿ ಮತ್ತೆ ಟ್ಯಾಗ್, ಈ ಸಲ 14.5 ಮಿಲಿಯನ್. ದೀರ್ಘಾವಧಿ ಕರಾರಿನ ಮಾತುಕತೆ ಗ್ಯಾರಂಟಿ ಹಣದ ವಿಷಯದಲ್ಲಿ ಮುರಿದುಬಿತ್ತು. ಬೆಲ್ ಸಹಿ ಹಾಕಲೇ ಇಲ್ಲ, ಇಡೀ ಸೀಸನ್ ಮನೆಯಲ್ಲಿ ಕೂತರು. ವಾರಕ್ಕೆ ಸುಮಾರು 8.5 ಲಕ್ಷ ಡಾಲರ್ ಕೈಬಿಟ್ಟರು. ಮುಂದಿನ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ನಾಲ್ಕು ವರ್ಷಕ್ಕೆ 52.5 ಮಿಲಿಯನ್ ಕೊಡುವುದಾಗಿ ಕರಾರು ಮಾಡಿಕೊಂಡಿತು. ಅದರಲ್ಲಿ ಗ್ಯಾರಂಟಿ ಎಂದು ವರದಿಯಾದದ್ದು 35 ಮಿಲಿಯನ್.

ಬೆಲ್ ಮೂರ್ಖತನ ಮಾಡಿದರು ಎಂದು ಅನೇಕರು ಬರೆದರು. ನಾನು ಅಷ್ಟು ಸುಲಭವಾಗಿ ಹೇಳಲಾರೆ. ಅವರು ಕೊಂಡದ್ದು ಒಂದು ವಿಮೆ: ಆಡಿದರೆ ಗಾಯವಾಗಿ ಮುಂದಿನ 35 ಮಿಲಿಯನ್ ಕೈತಪ್ಪಬಹುದು, ಆದ್ದರಿಂದ ಆಡುವುದಿಲ್ಲ. ಈ ಯೋಚನೆಯಲ್ಲಿ ತಪ್ಪಿಲ್ಲ. ಪ್ರೀಮಿಯಂ ಎಷ್ಟು? 14.5 ಮಿಲಿಯನ್. 14.5ನ್ನು 35ರಿಂದ ಭಾಗಿಸಿ: 41 ಶೇಕಡ. ಆ ಒಂದೇ ಸೀಸನ್ನಿನಲ್ಲಿ ವೃತ್ತಿ ಮುಗಿಸುವಂಥ ಗಾಯವಾಗುವ ಸಂಭವ 41 ಶೇಕಡಕ್ಕಿಂತ ಹೆಚ್ಚಿದ್ದರೆ ಮಾತ್ರ ಈ ವಿಮೆ ಲಾಭದ್ದು. ಇಷ್ಟು ಅಪಾಯಕಾರಿ ಆಟದಲ್ಲೂ ಸಂಭವ ಅಷ್ಟಿರುವುದಿಲ್ಲ. ರೋಗ ಗುರುತಿಸಿದ್ದು ಸರಿ, ಔಷಧಿ ದುಬಾರಿಯಾಯಿತು.

ಈ ಲೆಕ್ಕಕ್ಕೆ ಸಿಗದ ಇನ್ನೆರಡು ಸಂಗತಿಗಳಿವೆ. ಮನೆಯಲ್ಲಿ ಕೂತರೂ ವಯಸ್ಸು 26ರಿಂದ 27ಕ್ಕೆ ಹೋಗಿಯೇ ಹೋಗುತ್ತದೆ. 2019ರಲ್ಲಿ ಜೆಟ್ಸ್ ಪರ ಬೆಲ್ 245 ಸಲ ಓಡಿ ಗಳಿಸಿದ್ದು 789 ಗಜ, ಅಂದರೆ ಸರಾಸರಿ 3.2. (ಜೆಟ್ಸ್ ತಂಡವೇ ಆಗ ದುರ್ಬಲವಾಗಿತ್ತು, ಪೂರ್ತಿ ತಪ್ಪು ಅವರದ್ದಲ್ಲ.) 2020ರ ಅಕ್ಟೋಬರ್‌ನಲ್ಲಿ ತಂಡ ಅವರನ್ನು ಬಿಟ್ಟುಬಿಟ್ಟಿತು. ಎರಡನೆಯದು ಇನ್ನೂ ಕಹಿ. 2018ರಲ್ಲಿ ಅವರ ಜಾಗದಲ್ಲಿ ಓಡಿದ ಜೇಮ್ಸ್ ಕಾನರ್ 973 ಗಜ ಗಳಿಸಿ ಪ್ರೊ ಬೌಲ್‌ಗೆ ಆಯ್ಕೆಯಾದರು. ಕಾನರ್ ಆಗಿನ್ನೂ ಮೊದಲ ಕರಾರಿನಲ್ಲಿದ್ದವರು; ಸಂಬಳ ವರ್ಷಕ್ಕೆ ಒಂದು ಮಿಲಿಯನ್ ಕೂಡ ಇಲ್ಲ. ಮಾಲೀಕರ ಕಣ್ಣಿನಲ್ಲಿ ಮಾತುಕತೆ ಅಲ್ಲಿಗೇ ಮುಗಿದಂತೆ.

ಗ್ಯಾರಂಟಿ ಪದಕ್ಕೆ ಏಕಿಷ್ಟು ತೂಕ ಎಂಬುದನ್ನು ಟಾಡ್ ಗರ್ಲಿ ಕಥೆ ಹೇಳುತ್ತದೆ. 2017ರಲ್ಲಿ ಅವರು ವರ್ಷದ ಶ್ರೇಷ್ಠ ಆಕ್ರಮಣ ಆಟಗಾರ. 2018ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ 57.5 ಮಿಲಿಯನ್‌ನ ನಾಲ್ಕು ವರ್ಷದ ವಿಸ್ತರಣೆ ಕೊಟ್ಟಿತು, ಗ್ಯಾರಂಟಿ 45. ಆ ನಾಲ್ಕು ವರ್ಷ ಶುರುವಾಗಬೇಕಿದ್ದುದು 2020ರಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ, ಅದರ ಒಂದು ಪಂದ್ಯವನ್ನೂ ಆಡುವ ಮೊದಲೇ, ಮೊಣಕಾಲಿನ ತೊಂದರೆಯಿದ್ದ ಗರ್ಲಿಯನ್ನು ತಂಡ ಕೈಬಿಟ್ಟಿತು. ಬೇರೆ ತಂಡದಲ್ಲಿ ಇನ್ನೊಂದು ಸೀಸನ್ ಆಡಿದರು, ಅಷ್ಟೇ. ಕೊನೆಯ ಪಂದ್ಯ ಆಡಿದಾಗ ವಯಸ್ಸು 26. ಪತ್ರಿಕೆಯ ತಲೆಬರಹದಲ್ಲಿ ಬರುವ ಒಟ್ಟು ಮೊತ್ತ ಎನ್‌ಎಫ್‌ಎಲ್‌ನಲ್ಲಿ ಬಹುಮಟ್ಟಿಗೆ ಆಸೆ ಮಾತ್ರ.

ಹಣ ಬಂದ ಮೇಲಾದರೂ ನಿಲ್ಲುತ್ತದೆಯೇ? 1996ರಿಂದ 2003ರವರೆಗೆ ಡ್ರಾಫ್ಟ್ ಆದ ಎನ್‌ಎಫ್‌ಎಲ್ ಆಟಗಾರರ ಬಗ್ಗೆ ಕಾರ್ಲ್‌ಸನ್, ಕಿಮ್, ಲುಸಾರ್ಡಿ ಮತ್ತು ಕ್ಯಾಮರರ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿವೃತ್ತಿಯಾಗಿ 12 ವರ್ಷದೊಳಗೆ ಸುಮಾರು 16 ಶೇಕಡ ಜನ ದಿವಾಳಿ ಅರ್ಜಿ ಹಾಕಿದ್ದರು. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಂಶ: ಹೆಚ್ಚು ವರ್ಷ ಆಡಿದವರು, ಹೆಚ್ಚು ಗಳಿಸಿದವರು ಈ ಅಪಾಯದಿಂದ ಅಷ್ಟೇನೂ ಪಾರಾಗಿರಲಿಲ್ಲ. ಗಾಳಿ ಬಂದಾಗ ತೂರಿಕೊಂಡವರಲ್ಲಿ ಹೆಸರು ಹೇಳಬೇಕಾದದ್ದು ಮಾರ್ಷಾನ್ ಲಿಂಚ್. 2016ರಲ್ಲಿ ಅವರು ಮೊದಲ ಸಲ ನಿವೃತ್ತರಾದಾಗ, ಆಟದ ಸಂಬಳಕ್ಕೆ ಕೈ ಹಾಕದೆ ಜಾಹೀರಾತಿನ ಹಣದಲ್ಲೇ ಜೀವನ ನಡೆಸಿದ್ದರು ಎಂಬ ವರದಿ ಬಂತು.

ಈಗ ನಿಮ್ಮ ಆಫರ್ ಲೆಟರ್ ತೆಗೆದು ನೋಡಿ. ಒಟ್ಟು ಪ್ಯಾಕೇಜಿನಲ್ಲಿ ಇನ್ನೂ ವೆಸ್ಟ್ ಆಗದ ಆರ್‌ಎಸ್‌ಯು ಎಷ್ಟು? ನಾಳೆ ಲೇಆಫ್ ಆದರೆ ಅದು ಸಾಮಾನ್ಯವಾಗಿ ಹೋದಂತೆಯೇ. ಎಚ್-1ಬಿಯಲ್ಲಿದ್ದರೆ ಇನ್ನೊಂದು ಕೆಲಸ ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಯುಎಇಯಲ್ಲಿರುವ ಗೆಳೆಯರಿಗೆ ಗ್ರ್ಯಾಚುಯಿಟಿ ಲೆಕ್ಕವಾಗುವುದು ಮೂಲ ವೇತನದ ಮೇಲೆ, ಮನೆ ಬಾಡಿಗೆ ಭತ್ಯೆ ಸೇರಿದ ಪೂರ್ತಿ ಸಂಬಳದ ಮೇಲಲ್ಲ. ಮನೆ ಸಾಲದ ಕಂತನ್ನು ಒಟ್ಟು ಪ್ಯಾಕೇಜ್ ನೋಡಿ ನಿರ್ಧರಿಸಿದವರು ಬಹಳ ಜನ ನನಗೆ ಗೊತ್ತು. ನಾನು ಗ್ಯಾರಂಟಿ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. ಮನೆಯಲ್ಲಿ ಇದಕ್ಕಾಗಿ ಜಿಪುಣ ಎನ್ನಿಸಿಕೊಂಡದ್ದೂ ಇದೆ.

ಹಾಗಂತ ರನ್ನಿಂಗ್ ಬ್ಯಾಕ್‌ಗಳಿಗೆ ಸರಿಯಾದ ಬೆಲೆ ಸಿಗುವುದೇ ಇಲ್ಲ ಎಂದಲ್ಲ. ಸೇಕ್ವಾನ್ ಬಾರ್ಕ್ಲಿಗೂ 2023ರಲ್ಲಿ ಇದೇ ಟ್ಯಾಗ್ ಬಿತ್ತು, 10.1 ಮಿಲಿಯನ್. ಅವರು ಮನೆಯಲ್ಲಿ ಕೂರಲಿಲ್ಲ. ಸ್ವಲ್ಪ ಚೌಕಾಸಿ ಮಾಡಿ ಒಂದು ವರ್ಷಕ್ಕೆ ಒಪ್ಪಿಕೊಂಡು ಆಡಿದರು. 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋಗಿ 345 ಓಟಗಳಲ್ಲಿ 2,005 ಗಜ ಗಳಿಸಿ, ಸೂಪರ್ ಬೌಲ್ ಗೆದ್ದರು. 2025ರ ಮಾರ್ಚ್‌ನಲ್ಲಿ, 28ನೇ ವಯಸ್ಸಿಗೆ, ಎರಡು ವರ್ಷದ 41.2 ಮಿಲಿಯನ್‌ನ ವಿಸ್ತರಣೆ ಸಿಕ್ಕಿತು. ವರ್ಷಕ್ಕೆ 20 ಮಿಲಿಯನ್ ದಾಟಿದ ಮೊದಲ ರನ್ನಿಂಗ್ ಬ್ಯಾಕ್ ಅವರೇ. ಗ್ಯಾರಂಟಿ ಎಷ್ಟು ಎಂದು ನೀವು ಕೇಳುತ್ತೀರಿ, ಗೊತ್ತು. 36 ಮಿಲಿಯನ್.