ಗಣಿತದ ತರಗತಿಯಲ್ಲಿ ವಿಭಕ್ತಿ ಪ್ರತ್ಯಯ

‘20ರಿಂದ 4ನ್ನು ಕಳೆಯಿರಿ’ ಎಂಬುದು ಒಂದು ಲೆಕ್ಕ. ‘20ನ್ನು 4ರಿಂದ ಭಾಗಿಸಿ’ ಎಂಬುದು ಇನ್ನೊಂದು. ಮೊದಲ ವಾಕ್ಯದಲ್ಲಿ ‘ಇಂದ’ ಎಂಬ ಪ್ರತ್ಯಯ ದೊಡ್ಡ ಸಂಖ್ಯೆಗೆ ಅಂಟಿಕೊಂಡಿದೆ, ಎರಡನೆಯದರಲ್ಲಿ ಸಣ್ಣ ಸಂಖ್ಯೆಗೆ. ಒಂದು ಕಡೆ ಅದರ ಅರ್ಥ ‘ಯಾವುದರೊಳಗಿನಿಂದ’, ಮತ್ತೊಂದು ಕಡೆ ‘ಯಾವುದರ ಮೂಲಕ’. ಇದನ್ನು ಗಮನಿಸದ ವಿದ್ಯಾರ್ಥಿ ವಾಕ್ಯವನ್ನು ಓದುವುದೇ ಇಲ್ಲ; ಎರಡು ಸಂಖ್ಯೆಗಳನ್ನು ಮಾತ್ರ ಹೆಕ್ಕಿಕೊಂಡು ದೊಡ್ಡದನ್ನು ಸಣ್ಣದರಿಂದ ಭಾಗಿಸಿಬಿಡುತ್ತಾನೆ. ‘4ನ್ನು 20ರಿಂದ ಭಾಗಿಸಿ’ ಎಂದು ಕೇಳಿದಾಗಲೂ ಅವನ ಉತ್ತರ 5. ಅಧ್ಯಾಪಕರು ಕೆಂಪು ಶಾಯಿಯಲ್ಲಿ ಗೀಟು ಹಾಕಿ, ಹುಡುಗ ಲೆಕ್ಕದಲ್ಲಿ ಹಿಂದೆ ಎಂದು ತೀರ್ಮಾನಿಸುತ್ತಾರೆ. ಅವನು ಎಡವಿದ್ದು ಭಾಗಾಕಾರದಲ್ಲಲ್ಲ, ವಿಭಕ್ತಿಯಲ್ಲಿ.

ವಿಪರ್ಯಾಸವೆಂದರೆ, ಇದೇ ಹುಡುಗ ಹಿಂದಿನ ಅವಧಿಯಲ್ಲಿ ‘ಉ, ಅನ್ನು, ಇಂದ, ಗೆ’ ಎಂದು ವಿಭಕ್ತಿ ಪ್ರತ್ಯಯಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿರುತ್ತಾನೆ. ಕನ್ನಡದಲ್ಲಿ ಪಂಚಮಿಯೇ ಇಲ್ಲ, ತೃತೀಯೆಯ ‘ಇಂದ’ವೇ ಆ ಕೆಲಸವನ್ನೂ ಮಾಡುತ್ತದೆ ಎಂಬುದು ನಮ್ಮ ವ್ಯಾಕರಣಜ್ಞರಲ್ಲಿ ಬಹುಕಾಲದಿಂದ ನಡೆದುಬಂದ ವಾದ. ಆ ವಾದ ಶುಷ್ಕ ಪಾಂಡಿತ್ಯವಲ್ಲ. ಏಳನೇ ತರಗತಿಯ ಮಗುವಿನ ನೋಟ್‌ಪುಸ್ತಕದಲ್ಲಿ ದಿನವೂ ಸಂಭವಿಸುತ್ತಿರುವ ಸಂಗತಿ. ಆದರೆ ಕನ್ನಡ ಅಧ್ಯಾಪಕರು ಗಣಿತದ ಪುಸ್ತಕವನ್ನು ತೆರೆಯುವುದಿಲ್ಲ, ಗಣಿತದ ಅಧ್ಯಾಪಕರು ವ್ಯಾಕರಣವನ್ನು ತಮ್ಮ ಹೊಣೆ ಎಂದು ಭಾವಿಸುವುದಿಲ್ಲ. ನಡುವೆ ಗಂಟೆ ಬಾರಿಸುತ್ತದೆ.

ಶಾಲೆಯ ಪ್ರತಿಯೊಂದು ವಿಷಯವೂ ಒಂದು ಭಾಷಾಪಾಠವೆಂಬ ಚಿಂತನೆಗೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಡಗ್ಲಸ್ ಬಾರ್ನ್ಸ್ ಬೇರೆ ಬೇರೆ ವಿಷಯಗಳ ತರಗತಿಗಳಲ್ಲಿ ಕುಳಿತು, ಅಲ್ಲಿ ಯಾರು ಎಷ್ಟು ಮಾತನಾಡುತ್ತಾರೆ, ಎಂಥ ಪ್ರಶ್ನೆ ಕೇಳುತ್ತಾರೆ ಎಂದು ದಾಖಲಿಸಿದರು. ಅಧ್ಯಾಪಕರ ಪ್ರಶ್ನೆಗಳಲ್ಲಿ ಹೆಚ್ಚಿನವು ಸಿದ್ಧ ಉತ್ತರ ಬೇಡುವಂಥವು. ಮಕ್ಕಳು ತಮ್ಮ ಮಾತಿನಲ್ಲಿ ಯೋಚಿಸಲು ಅವಕಾಶ ತೀರ ಕಡಿಮೆ. ಇತಿಹಾಸಕಾರ ಅಲನ್ ಬುಲ್ಲಕ್ ನೇತೃತ್ವದ ಸಮಿತಿ 1975ರಲ್ಲಿ ನೀಡಿದ ವರದಿ ಈ ವಿಚಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತು. ನಮ್ಮಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ವಿಜ್ಞಾನ, ಸಮಾಜ, ಗಣಿತದ ತರಗತಿಗಳೆಲ್ಲ ಸಹಜವಾಗಿಯೇ ಭಾಷೆಯ ತರಗತಿಗಳು ಎಂದಿತು. 2014ರ ನಿಯಮಾವಳಿಯ ಬೆನ್ನಿಗೆ ಬಂದ ಎರಡು ವರ್ಷದ ಬಿ.ಎಡ್. ಪಠ್ಯಕ್ರಮದಲ್ಲಿ ಇದೇ ವಿಷಯಕ್ಕೆ ಅರ್ಧ ಪತ್ರಿಕೆಯ ಸ್ಥಾನವೂ ದೊರೆಯಿತು. ಪತ್ರಿಕೆ ಬರೆದು ಉತ್ತೀರ್ಣರಾದವರು ಶಾಲೆಗೆ ಬಂದ ಮೇಲೆ ಆ ಅರ್ಧ ಪತ್ರಿಕೆಯನ್ನು ಯಾರೂ ಅವರಿಂದ ಕೇಳುವುದಿಲ್ಲ ಎಂಬುದು ಬೇರೆ ಮಾತು.

ಕನ್ನಡ ಮಾಧ್ಯಮದಲ್ಲಿ ಇದರ ಅಗತ್ಯ ಇನ್ನಷ್ಟು ತೀವ್ರ. ನಮ್ಮ ಪಾರಿಭಾಷಿಕ ಪದಗಳನ್ನೇ ನೋಡಿ. ‘ಅಪವರ್ತನ’ ಮತ್ತು ‘ಅಪವರ್ತ್ಯ’ ಎಂಬ ಎರಡು ಪದಗಳ ನಡುವೆ ಇರುವುದು ಒಂದು ಅಕ್ಷರದ ಅಂತರ. ಅರ್ಥದಲ್ಲಿ ಒಂದು ಇನ್ನೊಂದರ ವಿಲೋಮ. 12 ಮತ್ತು 18ರ ‘ಮಹತ್ತಮ’ ಸಾಮಾನ್ಯ ಅಪವರ್ತನ 6, ‘ಲಘುತ್ತಮ’ ಸಾಮಾನ್ಯ ಅಪವರ್ತ್ಯ 36. ಮಹತ್ತಮವಾದದ್ದು ಚಿಕ್ಕದು, ಲಘುತ್ತಮವಾದದ್ದು ದೊಡ್ಡದು! ಯಾವ ಗುಂಪಿನಲ್ಲಿ ಮಹತ್ತಮ, ಯಾವ ಗುಂಪಿನಲ್ಲಿ ಲಘುತ್ತಮ ಎಂದು ಬಿಡಿಸಿ ಹೇಳಿದರೆ ಗೊಂದಲವಿಲ್ಲ. ಹಾಗೆ ಬಿಡಿಸಿ ಹೇಳುವುದಕ್ಕೆ ಬದಲಾಗಿ ನಾವು ಮ.ಸಾ.ಅ., ಲ.ಸಾ.ಅ. ಎಂದು ಸಂಕ್ಷೇಪಿಸಿದೆವು. ಎರಡರ ಬಾಲದಲ್ಲಿಯೂ ಅದೇ ‘ಅ’.

ಸಂಸ್ಕೃತ ಪದಗಳನ್ನು ಕಿತ್ತು ಅಚ್ಚಗನ್ನಡ ಪದಗಳನ್ನು ನೆಟ್ಟರೆ ಸಮಸ್ಯೆ ತೀರುತ್ತದೆ ಎನ್ನುವವರಿದ್ದಾರೆ. ಭಾಗಶಃ ನಿಜ. ಆದರೆ ತಿಳಿಗನ್ನಡದ ಪದ ಒಮ್ಮೊಮ್ಮೆ ಹೆಚ್ಚು ಅಪಾಯಕಾರಿ. ‘ಕೆಲಸ’ ಎನ್ನುವುದಕ್ಕಿಂತ ಸರಳ ಪದ ಯಾವುದಿದೆ? ಆದರೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಅಲುಗದೆ ನಿಂತ ಹೆಣ್ಣುಮಗಳು ಭೌತವಿಜ್ಞಾನದ ಪ್ರಕಾರ ಆ ಹೊರೆಯ ಮೇಲೆ ಯಾವ ಕೆಲಸವನ್ನೂ ಮಾಡುತ್ತಿಲ್ಲ. ಅವಳು ತನ್ನ ತಾಯಿಯಾಗಿದ್ದರೆ ಮಗು ಇದನ್ನು ಹೇಗೆ ಒಪ್ಪೀತು? ನಿಘಂಟಿನಲ್ಲಿ ‘ಜವ’ ಎಂದರೂ ‘ವೇಗ’ ಎಂದರೂ ಒಂದೇ. ವಿಜ್ಞಾನದ ಪುಸ್ತಕದಲ್ಲಿ ವೇಗಕ್ಕೆ ದಿಕ್ಕುಂಟು, ಜವಕ್ಕಿಲ್ಲ. ಬಳಕೆಯ ಮಾತನ್ನು ವಿಜ್ಞಾನವು ಸಾಲ ಪಡೆದು, ಅಂಚು ಕತ್ತರಿಸಿ, ನಿರ್ದಿಷ್ಟ ಕೆಲಸಕ್ಕೆ ನಿಯೋಜಿಸುತ್ತದೆ. ಈ ಕತ್ತರಿಸುವಿಕೆಯನ್ನು ಮಗುವಿನ ಎದುರೇ ಮಾಡಿ ತೋರಿಸುವುದು ವಿಜ್ಞಾನದ ಪಾಠವೂ ಹೌದು, ಭಾಷೆಯ ಪಾಠವೂ ಹೌದು. ವ್ಯಾಖ್ಯೆಯನ್ನು ಉರು ಹೊಡೆಸುವುದು ಎರಡೂ ಅಲ್ಲ. ತುಳು, ಲಂಬಾಣಿ, ಉರ್ದು ಮನೆಮಾತಿನ ಮಕ್ಕಳ ಪಾಡಂತೂ ಇನ್ನೂ ಕಷ್ಟದ್ದು; ಅವರಿಗೆ ಬಳಕೆಯ ‘ಕೆಲಸ’ವೇ ಎರಡನೆಯ ಭಾಷೆಯ ಪದ.

ಸಾಹಿತ್ಯದ ಕಡೆಯಿಂದಲೂ ಈ ಗೋಡೆಯನ್ನು ನೋಡಬಹುದು. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದು ಕಾಯಿದೆ ಮಾಡಿದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ತಿರುಗಿಬಿದ್ದರು. ಆ ಘಟನೆಯ ಲಾವಣಿಯನ್ನು ಸಂಗ್ರಹಿಸಿದವರು ಜೆ.ಎಫ್. ಫ್ಲೀಟ್: ಶಾಸನತಜ್ಞ, ಅದೇ ಬ್ರಿಟಿಷ್ ಆಡಳಿತದ ಅಧಿಕಾರಿ. ನಮ್ಮ ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ಈ ಲಾವಣಿ ಪದ್ಯಪಾಠವಾಗಿದ್ದುದುಂಟು; ಸಮಾಜ ವಿಜ್ಞಾನದ ಪುಸ್ತಕದಲ್ಲಿ ಹಲಗಲಿಗೆ ಕೆಲವು ಸಾಲುಗಳು. ಒಂದೇ ಮಗು ಒಂದೇ ವರ್ಷದಲ್ಲಿ ಎರಡನ್ನೂ ಓದಿದೆ. ಕನ್ನಡದಲ್ಲಿ ಕವಿಭಾವವನ್ನು ಬರೆದಿದೆ, ಇತಿಹಾಸದಲ್ಲಿ ಕಾರಣಗಳನ್ನು ಪಟ್ಟಿ ಮಾಡಿದೆ. ‘ದಂಗೆ’ ಎಂದವರು ಯಾರು, ‘ಹೋರಾಟ’ ಎಂದವರು ಯಾರು, ಆಳುವವರ ನೌಕರನೊಬ್ಬ ಬಂಡೆದ್ದವರ ಹಾಡನ್ನು ಏಕೆ ಬರೆಸಿಕೊಂಡ, ಲಾವಣಿಕಾರನ ಸಾಕ್ಷ್ಯವನ್ನು ಇತಿಹಾಸ ಎಷ್ಟು ನಂಬಬೇಕು? ಹದಿನೈದರ ವಯಸ್ಸಿಗೆ ಇವು ಭಾರದ ಪ್ರಶ್ನೆಗಳಲ್ಲ. ಕೇಳುವುದಕ್ಕೆ ಅವಧಿ ಯಾವುದು ಎಂಬುದು ಗೊತ್ತಾಗದೆ ಅವು ಉಳಿದುಹೋಗುತ್ತವೆ.

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳೊಡನೆ ಗಿಡ ಹುಡುಕಿ ಕಾಡು ಸುತ್ತಿದ ಕಥನ ಅದು. ಸಾಹಿತ್ಯವೋ ಸಸ್ಯಶಾಸ್ತ್ರವೋ ಎಂದು ಅಕಾಡೆಮಿ ತಲೆಕೆಡಿಸಿಕೊಳ್ಳಲಿಲ್ಲ. ನಮ್ಮ ವೇಳಾಪಟ್ಟಿ ಮಾತ್ರ ಇಂದಿಗೂ ಕೆಡಿಸಿಕೊಳ್ಳುತ್ತಿದೆ.

ಅಧ್ಯಾಪಕರ ಆಕ್ಷೇಪಗಳಲ್ಲಿ ಹುರುಳಿಲ್ಲವೆಂದಲ್ಲ. ಪಾಠ ಮುಗಿಸಬೇಕು, ಗಣತಿಯಿಂದ ಹಿಡಿದು ಚುನಾವಣೆಯವರೆಗೆ ಸರ್ಕಾರದ ಕೆಲಸಗಳಿಗೆ ಓಡಬೇಕು, ಫಲಿತಾಂಶ ಕುಸಿದರೆ ವಿವರಣೆ ಕೊಡಬೇಕು. ವ್ಯಾಖ್ಯೆ ಬರೆದರೆ ಅಂಕ ಸಿಗುವ ಪರೀಕ್ಷೆಯಲ್ಲಿ ವಿವರಣೆಗೆ ಸಮಯ ವ್ಯಯಿಸುವವರು ಜಾಣರೆನಿಸುವುದಿಲ್ಲ. ಹೊರೆಯ ಮೇಲೆ ಇನ್ನೊಂದು ಹೊರೆಯಾಗಿ ಇದನ್ನು ಹೇರಿದರೆ ನಲಿಕಲಿಯಿಂದ ಮೌಲ್ಯಾಂಕನದವರೆಗೆ ಬಂದ ಎಷ್ಟೋ ಸುಧಾರಣೆಗಳಂತೆ ಇದೂ ದಾಖಲೆ ತುಂಬುವ ಕೆಲಸವಾದೀತು.

ಗೋಕಾಕ್ ಚಳವಳಿಯಿಂದ 2014ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ, ಅಲ್ಲಿಂದ 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದವರೆಗೆ, ನಾವು ಕೇಳುತ್ತಾ ಬಂದದ್ದು ಯಾವ ಭಾಷೆ ಎಂಬ ಪ್ರಶ್ನೆಯನ್ನು. ಆ ಭಾಷೆಯಿಂದ ಗಣಿತದ ಅವಧಿಯಲ್ಲಿ ಏನಾಗುತ್ತಿದೆ ಎಂಬುದನ್ನಲ್ಲ. ಮಾಧ್ಯಮ ಬದಲಾಯಿಸಿದ ಪೋಷಕರಿಗೆ ಮಗ ‘ಇಂದ’ದ ತೊಡಕಿನಿಂದ ಪಾರಾದ ಎಂಬ ಸಮಾಧಾನವಿದ್ದರೆ, ಅಲ್ಲಿ ‘ಇನ್‌ಟು’ ಕಾದು ಕುಳಿತಿದೆ. ನಮ್ಮ ಶಾಲೆಗಳಲ್ಲಿ ‘ಫೋರ್ ಇನ್‌ಟು ಟ್ವೆಂಟಿ’ ಎಂದರೆ ಗುಣಾಕಾರ. ಇಂಗ್ಲಿಷರ ಬಾಯಲ್ಲಿ ಅದೇ ಮಾತು ಭಾಗಾಕಾರ.

ಕನ್ನಡ ಅಧ್ಯಾಪಕರು ವಿಭಕ್ತಿಯ ಪಾಠ ಮಾಡುವ ವಾರ ಉದಾಹರಣೆಗಳನ್ನು ರಾಮ, ಮರ, ಮನೆಗಳ ಬದಲು ಅದೇ ತರಗತಿಯ ಗಣಿತ ಪುಸ್ತಕದಿಂದ ಆರಿಸಿಕೊಳ್ಳಬಹುದು. ಅದಕ್ಕೆ ಸುತ್ತೋಲೆ ಬೇಡ, ತರಬೇತಿ ಶಿಬಿರವೂ ಬೇಡ. ಮಧ್ಯಾಹ್ನದ ವಿರಾಮದಲ್ಲಿ ಶಿಕ್ಷಕರ ಕೊಠಡಿಯ ಮೇಜಿನ ಆ ಬದಿಯಲ್ಲಿ ಕುಳಿತ ಸಹೋದ್ಯೋಗಿಯಿಂದ ಪುಸ್ತಕವನ್ನು ಎರವಲು ಪಡೆದರೆ ಸಾಕು.