ಭಯ ಕಾಣಿಸಿದ ಕಳ್ಳರು

2018ರ ಜುಲೈ 13. ಬೀದರ್ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಯುವಕರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಹಂಚಿದರು. ಮಕ್ಕಳ ಕಳ್ಳರ ವದಂತಿ ಆಗ ಊರೂರಲ್ಲೂ ಹಬ್ಬಿತ್ತು. ಆತಂಕಗೊಂಡ ಮನಸ್ಸುಗಳಿಗೆ ಆ ವಾತ್ಸಲ್ಯವೇ ಸಾಕ್ಷ್ಯವಾಯಿತು. ವಾಟ್ಸ್‌ಆ್ಯಪ್ ಸಂದೇಶ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ತಲುಪಿತು. ಅಲ್ಲಿ ಗುಂಪಿನ ಹಲ್ಲೆಗೆ ಒಬ್ಬ ಯುವಕ ಬಲಿಯಾದ. ತಡೆಯಹೋದ ಪೊಲೀಸರೂ ಗಾಯಗೊಂಡರು.

ಹೊಡೆದವರು ದುಷ್ಟರೇ ಆಗಿರಬೇಕಿಲ್ಲ. ಮಕ್ಕಳನ್ನು ಕಾಯುತ್ತಿದ್ದೇವೆಂದೇ ನಂಬಿದ್ದಿರಬಹುದು. ಹತ್ತು ಬಾಯಿಂದ ಕೇಳಿದ್ದನ್ನು ಭಯವು ಕಣ್ಣಾರೆ ಕಂಡದ್ದೆಂದೇ ಭಾವಿಸುತ್ತದೆ. ವಸ್ತುವಿನ ಒಂದೇ ಮುಖವನ್ನು ಹಿಡಿದು ಉಳಿದವನ್ನು ನಿರಾಕರಿಸುವ ಈ ಹಟವನ್ನು ಜೈನಾಚಾರ್ಯರು ಏಕಾಂತ ಮಿಥ್ಯಾತ್ವವೆಂದರು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತದ ಅತಿಚಾರಗಳಲ್ಲಿ ಮೊದಲು ಹೆಸರಿಸಿದ್ದು ಮಿಥ್ಯೋಪದೇಶವನ್ನು, ಅಂದರೆ ತಪ್ಪು ತಿಳಿವನ್ನು ಪರರಿಗೆ ದಾಟಿಸುವುದನ್ನು.

ಮುರ್ಕಿಯಲ್ಲಿ ಬಂಧಿತರಾದವರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ನಿರ್ವಾಹಕನೂ ಇದ್ದ.