ಕರಡಿಯ ಬೆಟ್ಟದಲ್ಲಿ ಮೌನ ಬಂಗಾರವಲ್ಲ

ಸೂರ್ಯೋದಯ ನೋಡಲೆಂದು ನಸುಕಿನಲ್ಲೇ ಬೆಟ್ಟ ಹತ್ತುವುದು ನಗರವಾಸಿಗಳ ವಾರಾಂತ್ಯದ ಹವ್ಯಾಸವಾಗಿದೆ. ಹವ್ಯಾಸ ಒಳ್ಳೆಯದೇ. ಆದರೆ ಬಳ್ಳಾರಿ, ವಿಜಯನಗರ, ಕೊಪ್ಪಳ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಬಂಡೆಗುಡ್ಡಗಳಲ್ಲಿ ಕರಡಿಗಳಿವೆ ಎಂಬುದನ್ನು ಚಾರಣಿಗರು ಮರೆಯುತ್ತಾರೆ. ಹಗಲೆಲ್ಲ ಬಂಡೆಗಳ ಸಂದಿನಲ್ಲಿ ಮಲಗಿ, ಸಂಜೆ ಹೊರಬಿದ್ದು, ಬೆಳಗಿನ ಜಾವ ಮರಳುವುದು ಕರಡಿಯ ದಿನಚರಿ. ನಾವು ಬೆಟ್ಟ ಹತ್ತುವ ಹೊತ್ತೇ ಅದು ಮನೆಗೆ ಹಿಂದಿರುಗುವ ಹೊತ್ತು.

ಹಂಪಿಗೆ ಅನತಿ ದೂರದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಸ್ಥಾಪನೆಯಾಯಿತು. 2013ರಲ್ಲಿ ಗುಡೇಕೋಟೆಯೂ ಕರಡಿಧಾಮವಾಯಿತು. ಮರಿಯನ್ನು ಬೆನ್ನ ಮೇಲೆ ಹೊತ್ತ ತಾಯಿ ಕರಡಿ ಬಂಡೆಯಿಳಿದು ಬರುವುದನ್ನು ದರೋಜಿಯ ವೀಕ್ಷಣಾ ಗೋಪುರದಿಂದ ನಾನು ಕಂಡಿದ್ದೇನೆ. ದೂರದಿಂದ ಇಷ್ಟು ಸಾಧುವಾಗಿ ತೋರುವ ಪ್ರಾಣಿ ಹತ್ತಿರದಲ್ಲಿ ಏಕೆ ಅಷ್ಟು ಅಪಾಯಕಾರಿ?

ಗೆದ್ದಲು, ಇರುವೆ, ಜೇನು, ಹಣ್ಣುಗಳೇ ಅದರ ಆಹಾರ; ಮನುಷ್ಯ ಅದರ ಬೇಟೆಯಲ್ಲ. ಅದರ ಮೂಗು ಬಲು ಚುರುಕು, ಕಣ್ಣು ಮಂದ. ಹುತ್ತಕ್ಕೆ ಮೂತಿಯಿಟ್ಟು ಸದ್ದುಮಾಡುತ್ತ ಗೆದ್ದಲು ಹೀರುವಾಗ ನಮ್ಮ ಹೆಜ್ಜೆಯ ಸಪ್ಪಳ ಅದಕ್ಕೆ ಕೇಳಿಸದೇ ಹೋಗಬಹುದು. ಹತ್ತಡಿ ದೂರದಲ್ಲಿ ಥಟ್ಟನೆ ಎದುರಾದವನ ಮೇಲೆ ಅದು ಎರಗುವುದು ಭಯದಿಂದ. ಹುಲಿ, ಚಿರತೆಗಳ ನಡುವೆ ಬಾಳಿದ ಈ ಪ್ರಾಣಿಗೆ ಮೇಲೆ ಬೀಳುವುದೇ ಆತ್ಮರಕ್ಷಣೆ. ಅದರ ನೀಳ ಉಗುರುಗಳು ಬಹುಮಟ್ಟಿಗೆ ಗಾಯಗೊಳಿಸುವುದು ಮುಖ ಮತ್ತು ತಲೆಯನ್ನು.

ಆದ್ದರಿಂದ ಕಾಡಿನಲ್ಲಿ ಮೌನವಾಗಿರಬೇಕೆಂಬ ಪಾಠವನ್ನು ಇಲ್ಲಿ ತುಸು ಸಡಿಲಿಸಬೇಕು. ಗುಂಪಾಗಿ, ಮಾತನಾಡುತ್ತ ನಡೆಯಬೇಕು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಬಾರದು. ಗವಿಗಳಲ್ಲಿ ಇಣುಕಬಾರದು. ಕರಡಿ ಕಂಡರೆ ಓಡದೆ, ಮೆಲ್ಲನೆ ಹಿಂದೆ ಸರಿಯಬೇಕು. ಓಟದಲ್ಲಿ ಅದು ನಮ್ಮನ್ನು ಮೀರಿಸುತ್ತದೆ, ಮರವನ್ನೂ ಹತ್ತಬಲ್ಲದು. ತಾಯಿ ಮತ್ತು ಮರಿಯ ನಡುವೆ ಎಂದೂ ನಿಲ್ಲಬಾರದು. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಕೈಗಳನ್ನು ಹೆಣೆದು ಕುತ್ತಿಗೆಯ ಹಿಂಭಾಗವನ್ನು ಮುಚ್ಚಿಕೊಳ್ಳುವುದು ಲೇಸು.

ನಾವು ಬಿಸುಟು ಬರುವ ಊಟದ ಪೊಟ್ಟಣಗಳ ಬಗ್ಗೆಯೂ ಯೋಚಿಸಬೇಕಾಗಿದೆ. ಆ ರುಚಿ ಹತ್ತಿದ ಕರಡಿ ಜನರಿರುವೆಡೆಗೆ ಬರಲಾರಂಭಿಸುತ್ತದೆ. ಆಗ ಅದಕ್ಕೆ ಎದುರಾಗುವವರು ಸೌದೆಗೆ ಹೊರಟ ಹೆಣ್ಣುಮಗಳು ಅಥವಾ ಶೇಂಗಾ ಹೊಲ ಕಾಯುವ ರೈತ. ಗಾಯಗೊಂಡ ಊರಿನ ಸಿಟ್ಟು ಕರಡಿಯ ಮೇಲೆ ತಿರುಗುತ್ತದೆ. ಆಗ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆಯೂ ಅದನ್ನು ಉಳಿಸದಿರಬಹುದು.

ಸೌದೆಗೆ ಹೋಗುವವರಿಗೆ ಹೊತ್ತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಕಡಿಮೆ. ವಿಹಾರಕ್ಕೆ ಹೋಗುವ ನಮಗೆ ಅದು ಧಾರಾಳವಾಗಿದೆ. ಬೆಳಕು ಚೆನ್ನಾಗಿ ಹರಿದ ಮೇಲೆ ಬೆಟ್ಟ ಹತ್ತಿದರೆ ನಾವು ಕಳೆದುಕೊಳ್ಳುವುದು ಒಂದು ಸೂರ್ಯೋದಯವನ್ನು ಮಾತ್ರ.